ಓಡದ ಮೀಟರು

ಜೀವಮಾನವೆಲ್ಲ ಮನೆಮನೆಯ ಮೀಟರು ಓದಿ ನಿವೃತ್ತರಾದ ಅವರನ್ನು ಜನ ಮೀಟರ್ ಮಾವ ಎಂದೇ ಕರೆಯುತ್ತಿದ್ದರು. ಕರೆಂಟು ಕದಿಯುವವರನ್ನು ಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ ಅವರ ಕಣ್ಣಿಗೆ ನಿಧಾನವಾಗಿ ಓಡುವ ಮೀಟರೆಲ್ಲ ಕಳ್ಳ ಮೀಟರೇ.

ಬೇಸಿಗೆಯಲ್ಲಿ ಮಗಳ ಹೊಸ ಮನೆಗೆ ಬಂದ ದಿನವೇ ಅವರಿಗೆ ಅನುಮಾನ ಶುರುವಾಯಿತು. ಹೊರಗೆ ಸುಡುಬಿಸಿಲು, ಒಳಗೆ ತಂಪು. ಫ್ಯಾನು ಸುಮ್ಮನೆ ನಿಂತಿದೆ. ಸ್ನಾನಕ್ಕೆ ಹೋದರೆ ಕೈ ಸುಡುವ ನೀರು. ಬಾಗಿಲ ಪಕ್ಕದ ಮೀಟರಿನ ಕೆಂಪು ದೀಪ ಮಾತ್ರ ಮಿಣುಕಲೋ ಬೇಡವೋ ಎಂದು ಯೋಚಿಸುತ್ತಿದೆ.

ಅಳಿಯ ಬಡಗಿ. ಮನೆಯನ್ನು ತಾನೇ ಮುಂದೆ ನಿಂತು ಕಟ್ಟಿಸಿದ್ದ. "ಗೋಡೆ ಎರಡು ಪದರ ಮಾವ, ನಡುವೆ ಬರೀ ಗಾಳಿ. ಸೆಕೆ ಒಳಗೆ ಬರಲ್ಲ. ಬಂದ್ರೂ ಮೇಲಿನ ಕಿಂಡೀಲಿ ಹೊರಗೆ ಹೋಗುತ್ತೆ. ನೀರು ಬಿಸಿಲಿಗೇ ಕಾಯುತ್ತೆ," ಎಂದ.

ಕೇಳದೆಯೇ ಇಷ್ಟು ವಿವರ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮನೆಯಲ್ಲಿ ಯಾರೂ ಇಲ್ಲದಾಗ ಮಾವ ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟಿದರು. ಟೊಳ್ಳು! ತಂತಿ ಅಡಗಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಮಗಳು ಕಳ್ಳನ ಕೈ ಹಿಡಿದಳಲ್ಲಾ ಎಂದು ಅವರಿಗೆ ಅಳುವೇ ಬಂತು. ನಾಳೆ ಬೇರೆ ಯಾರೋ ಹಿಡಿದು ಅವಳ ಮಾನ ಬೀದಿಪಾಲಾಗುವುದಕ್ಕಿಂತ ತಮ್ಮವರೇ ಸದ್ದಿಲ್ಲದೆ ಸರಿಮಾಡಲಿ ಎಂದು ಹಳೆಯ ಕಚೇರಿಗೆ ಫೋನು ಮಾಡಿದರು. "ನನ್ನ ಹೆಸರು ಮಾತ್ರ ಬರಬಾರ್ದು ಕಣೋ," ಎಂದು ಪಿಸುಗುಟ್ಟಿದರು.

ಮರುದಿನ ಬಂದವನು ಅವರ ಕೈಕೆಳಗೇ ಪಳಗಿದವನು. ಕಂಬದಿಂದ ಬರುವ ತಂತಿಗೊಮ್ಮೆ, ಮೀಟರಿಗೊಮ್ಮೆ ಯಂತ್ರ ಹಿಡಿದು ನೋಡಿದ. ಎರಡೂ ಒಂದೇ ಲೆಕ್ಕ ತೋರಿಸಿದವು. ಕದ್ದ ಕುರುಹೇ ಇಲ್ಲ. ಅವನು ತಲೆ ಕೆರೆದುಕೊಂಡು, ಅಭ್ಯಾಸಬಲದಿಂದ ಹಳೆಯ ಗುರುವಿನ ಕಡೆ ತಿರುಗಿದ.

"ಗೋಡೆ ಒಡೆದು ನೋಡ್ಬೇಕಾ ಸಾರ್? ಟೊಳ್ಳು ಅಂತ ಫೋನಲ್ಲಿ ಹೇಳಿದ್ರಲ್ಲ?"

ಮಗಳು ಅವರನ್ನೇ ನೋಡಿದಳು. "ಅಪ್ಪಾ, ನನ್ನ ಒಂದು ಮಾತು ಕೇಳ್ಬಹುದಿತ್ತಲ್ವಾ?"

ಅಳಿಯ ಒಳಗಿನಿಂದ ಉಳಿ, ಸುತ್ತಿಗೆ ತಂದು ಅವರ ಮುಂದಿಟ್ಟ. "ಒಡೆದೇ ನೋಡ್ಬಿಡಿ ಮಾವ. ಅನುಮಾನ ಇಟ್ಕೊಂಡು ನಮ್ಮನೇಲಿ ಊಟ ಮಾಡ್ಬೇಡಿ."

ಮಾವ ಕೈ ಚಾಚಲಿಲ್ಲ. ಹಣೆಯಿಂದ, ಕತ್ತಿನಿಂದ ಬೆವರು ಧಾರೆಯಾಗಿ ಇಳಿಯತೊಡಗಿತು. ಮಗಳು ಎದ್ದು ಹೋಗಿ, ಆ ಬೇಸಿಗೆಯಲ್ಲಿ ಮೊದಲ ಸಲ ಫ್ಯಾನು ಹಾಕಿದಳು.