ಸಹಾಯ ಪುಟದಲ್ಲಿ ಉಳಿದ ಆಪಾ

ಹೊಳಲ್ಕೆರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಮೊನ್ನೆ ರಿಪೋರ್ಟಿಗಾಗಿ ಕಾದು ಕುಳಿತಿದ್ದೆ. ಕೌಂಟರಿನ ಹುಡುಗಿ ಕಂಪ್ಯೂಟರಿನ ಮುಂದೆಯೇ ಪೊಟ್ಟಣ ಬಿಚ್ಚಿದಳು. ಮಂಡಕ್ಕಿ, ಬಿಸಿ ಮಿರ್ಚಿ ಬಜ್ಜಿ... ಆ ವಾಸನೆಗೆ ಆಪಾ ನೆನಪಾದರು.

ಚಿತ್ರದುರ್ಗದ ಒಂದು ಮಿರ್ಚಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ನಮ್ಮ ಆಫೀಸು. ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಅದನ್ನು ಬಳಸುವುದು ಹೇಗೆಂದು ಕನ್ನಡದಲ್ಲಿ ಸಹಾಯ ಪುಟ ಬರೆಯುತ್ತಿದ್ದವರು ಆಪಾ, ಅವರ ಕೈಕೆಳಗೆ ನಾನು. ನಮಗಿಂತ ಹಿರಿಯರು, ಅದಕ್ಕೇ ಉರ್ದುವಿನಲ್ಲಿ ಅಕ್ಕ ಎನ್ನುವಂತೆ ಎಲ್ಲರಿಗೂ ‘ಆಪಾ’; ಬಾಯಿ ಬಲು ಜೋರು. ಸಾಫ್ಟ್‌ವೇರ್ ಬದಲಾದಾಗಲೆಲ್ಲ ಪುಟಗಳನ್ನು ಪ್ರಿಂಟ್ ತೆಗೆದು, ‘ಈಗ’, ‘ಸದ್ಯಕ್ಕೆ’, ‘ಹೊಸ’ ಎಂದಿರುವ ಕಡೆಯೆಲ್ಲ ಕೆಂಪು ಸುತ್ತು ಹಾಕುತ್ತಿದ್ದರು. ಆ ಮಾತು ಇನ್ನೂ ನಿಜವೇ ಎಂದು ಕಂಪ್ಯೂಟರಿನಲ್ಲಿ ಮಾಡಿ ನೋಡುತ್ತಿದ್ದರು. ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಮಿರ್ಚಿ; ಹಾಳೆಗೆಲ್ಲ ಎಣ್ಣೆ.

“‘ಹೊಸ ಬಟನ್’ ಅಂತ ಬರ್ದೀಯಲ್ಲಪ್ಪ, ಎಷ್ಟು ವರ್ಷ ಹೊಸದು ಅದು? ಮೊಮ್ಮಕ್ಳನ್ನ ಕಂಡೋಳ್ನೂ ಹೊಸ ಸೊಸೆ ಅಂತೀಯೇನು?” ಎಂದು ನನ್ನನ್ನು ರೇಗಿಸುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಒಂದು ಸಲ ಆ ಕೆಂಪು ಸುತ್ತು ಬಿದ್ದದ್ದು ‘ಈಗ ಬ್ಯಾಕಪ್ ತಾನಾಗಿಯೇ ಆಗುತ್ತದೆ’ ಎಂಬ ಸಾಲಿಗೆ. ಬದಲಾದ ಸಾಫ್ಟ್‌ವೇರಿನಲ್ಲಿ ಅದನ್ನು ಲ್ಯಾಬಿನವರೇ ಆನ್ ಮಾಡಿಕೊಳ್ಳಬೇಕಿತ್ತು. ಆಫೀಸಿನ ಮಾಲೀಕರಾದ ಸಾಹೇಬರು ಒಪ್ಪದೆ ಯಾವ ಪುಟವೂ ಬದಲಾಗುತ್ತಿರಲಿಲ್ಲ. ಆಪಾ ಹಾಳೆ ಹಿಡಿದು ಅವರ ಕೋಣೆಗೆ ಹೋದರು.

“ಇದು ಸುಳ್ಳಾಗೈತ್ರಿ ಸಾರ್. ಇವತ್ತೇ ತೆಗೀಬೇಕು.”

“ಅದನ್ನೆಲ್ಲ ಯಾರಮ್ಮ ಓದ್ತಾರೆ? ಬಿಡ್ರಿ, ಮುಂದಿನ ಸಲ ನೋಡಾಣ,” ಎಂದರು ಸಾಹೇಬರು.

ಹೊಸದುರ್ಗದ ಲ್ಯಾಬಿನವರು ಓದಿದ್ದರು. ಓದಿ, ನಂಬಿ, ನಿಶ್ಚಿಂತೆಯಿಂದ ಇದ್ದರು. ಅವರ ಕಂಪ್ಯೂಟರ್ ಕೆಟ್ಟಾಗ ರೋಗಿಗಳ ಹಳೇ ರಿಪೋರ್ಟುಗಳೆಲ್ಲ ಹೋದವು. ಅವರು ಬಂದು ಕೂಗಾಡಿದಾಗ ಸಾಹೇಬರು ನಮ್ಮೆಲ್ಲರ ಎದುರಿಗೇ ಆಪಾ ಕಡೆ ಕೈ ತೋರಿಸಿದರು. “ಬರ್ದೋರು ಇವ್ರೇ, ಇವ್ರನ್ನೇ ಕೇಳ್ರಿ.” ಥೂ! ಆ ಕೈ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅಷ್ಟು ಜೋರು ಬಾಯಿಯ ಆಪಾ ಕೆಂಪು ಪೆನ್ನನ್ನು ಮೇಜಿನ ಮೇಲಿಟ್ಟರು. ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದವರು ಮತ್ತೆ ಬರಲಿಲ್ಲ. ಸ್ವಲ್ಪ ದಿನಕ್ಕೆ ನಾನೂ ಕೆಲಸ ಬಿಟ್ಟೆ...

ಹೊಳಲ್ಕೆರೆಯ ಲ್ಯಾಬಿನಲ್ಲೂ ಅದೇ ಸಾಫ್ಟ್‌ವೇರ್ ಇತ್ತು. ನನ್ನ ರಿಪೋರ್ಟ್ ಪ್ರಿಂಟ್ ಆಗದೆ ಹುಡುಗಿ ಸಹಾಯ ಪುಟ ತೆರೆದಳು. ಕೊನೆಯಲ್ಲಿ ‘ಈಗ ನಿಮ್ಮ ಸಹಾಯಕ್ಕೆ ಆಪಾ ಇದ್ದಾರೆ, ಕರೆ ಮಾಡಿ’ ಎಂದಿತ್ತು. ಕೆಳಗೆ ಅವರ ಸ್ವಂತ ನಂಬರು. ಫೋನ್ ಬದಲಿಸಿದಾಗ ನನ್ನಿಂದ ಕಳೆದುಹೋಗಿದ್ದ ನಂಬರು ಅದು. ಅಲ್ಲೇ ನಿಂತು ಫೋನ್ ಮಾಡಿದೆ.

ಎತ್ತಿದ್ದು ಅವರ ಮಗಳು. “ಲ್ಯಾಬಿಂದೇನ್ರಿ? ಅಮ್ಮಿ ತೀರ್ಕೊಂಡು ಎರಡು ವರ್ಷ ಆತ್ರಿ. ಇನ್ನೂ ಫೋನ್ ಬರ್ತಾನೇ ಅವೆ. ಆ ನಂಬರ್ ತೆಗೆಸ್ರಿ, ಪುಣ್ಯ ಬರ್ತೈತೆ.”

ಹಳೇ ಆಫೀಸಿಗೆ ಫೋನ್ ಮಾಡಿ ಸಾಹೇಬರಿಗೇ ಹೇಳಿದೆ.

“ಹೌದಾ? ಪಾಪ...” ಎಂದರು. “ಮುಂದಿನ ಸಲ ನೋಡಾಣ.”

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. “ಆಪಾ ಏನಂದ್ರು ಸಾರ್?”

“ಆಪಾ ಇಲ್ಲಮ್ಮ,” ಎಂದೆ.