ಬಿಸಿಲಲ್ಲಿ ಕಾಣದ ಉರಿ

ಇದನ್ನು ಬರೆಯಲು ಕೂತು ಎಷ್ಟು ಸಲ ಎದ್ದಿದ್ದೇನೋ. ಪ್ರತಿ ವಾರ ಈ ಅಂಕಣಕ್ಕೆ ಬೇರೇನಾದರೂ ಸಿಗುತ್ತಿತ್ತು. ಟ್ರಾಫಿಕ್, ಮೊಬೈಲ್ ಹುಚ್ಚು, ನನ್ನ ಶುಗರ್. ನೀವು ಓದಿ ನಕ್ಕಿರಿ, ನಾನು ಬಚಾವಾದೆ.

ಮೊನ್ನೆ ಬಚಾವಾಗಲಿಲ್ಲ.

ಮೊಮ್ಮಗಳಿಗೆ ಸೆಕೆಂಡ್ ಪಿಯುಸಿ, ಕೆಮಿಸ್ಟ್ರಿ ಟೆಸ್ಟ್. ಹಾಲ್‌ನಲ್ಲಿ ಓಡಾಡುತ್ತಾ ಆಲ್ಕೋಹಾಲ್ ಪಾಠ ಒಪ್ಪಿಸುತ್ತಿದ್ದಳು. (ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನನಗೆ ಗೊತ್ತಿದ್ದ ಆಲ್ಕೋಹಾಲ್ ಬಾರ್‌ನದ್ದು ಮಾತ್ರ.)

"ತಾತ, ಸ್ಯಾನಿಟೈಸರ್ ಹಾಕ್ಕೊಂಡ್ರೆ ಕೈ ಯಾಕೆ ತಣ್ಣಗಾಗುತ್ತೆ ಹೇಳು?"

"ನೀನೇ ಹೇಳಮ್ಮ."

"ಅದ್ರಲ್ಲಿರೋ ಆಲ್ಕೋಹಾಲು ಆವಿಯಾಗ್ತಾ ಕೈ ಶಾಖ ಎಳ್ಕೊಳ್ಳುತ್ತೆ. ತಣ್ಣಗಿದೆ ಅಂದ್ರೆ ಇನ್ನೂ ಒಣಗಿಲ್ಲ ಅಂತ. ಆವಾಗ ಬೆಂಕಿ ಹತ್ರ ಹೋದ್ರೆ ಭಗ್ ಅಂತ ಹತ್ಕೊಳ್ಳುತ್ತೆ. ಹೊಗೆ ಇಲ್ಲ, ತಿಳಿ ನೀಲಿ ಉರಿ. ಬಿಸಿಲಲ್ಲಿ ಕಾಣೋದೇ ಇಲ್ವಂತೆ!"

"ಕಾಣೋದೇ ಇಲ್ವಾ?"

"ಊಹೂಂ. ಬೂದಿನೂ ಉಳಿಯಲ್ಲ. ಕಾರ್ಬನ್ ಡೈಆಕ್ಸೈಡು, ನೀರು, ಅಷ್ಟೇ. ಯಾಕ್ ತಾತ ಹಂಗೆ ಬೆವರ್ತಿದ್ದೀಯ?"

ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಕೊರೊನಾ ಕಾಲದ ಆಯುಧಪೂಜೆ. ದೊಡ್ಡಬಳ್ಳಾಪುರದ ಪವರ್‌ಲೂಮ್‌ಗಳು ಸದ್ದು ನಿಲ್ಲಿಸುವ ದಿನ. ನಮ್ಮ ಶೆಡ್ಡಿನ ಮಗ್ಗಗಳಿಗೂ ಹೂವು, ಕುಂಕುಮ. ಗುಂಪು ಬೇಡವೆಂದು ಬಾಗಿಲಾಚೆ, ಮಟಮಟ ಬಿಸಿಲಲ್ಲಿ ಮಂಗಳಾರತಿ. ಶೆಡ್ಡಿನ ಯಜಮಾನ ನಾನೇ, ಸ್ಯಾನಿಟೈಸರ್ ಬಾಟಲಿಯೂ ನನ್ನ ಕೈಯಲ್ಲೇ. 'ಬೆಂಕಿಯಿಂದ ದೂರವಿಡಿ' ಎಂದು ಅದರ ಮೇಲಿತ್ತು. ಓದಿದ್ದೆ. (ನಾವು ಓದಿದ್ದನ್ನೆಲ್ಲ ಪಾಲಿಸುತ್ತೇವೆಯೇ?) ತಟ್ಟೆಯ ಪಕ್ಕ ನಿಂತು ಎಲ್ಲರ ಬೊಗಸೆಗೂ ಸುರಿದೆ. ಜಿಪುಣ ಅನ್ನಬಾರದಲ್ಲ, ಧಾರಾಳವಾಗಿಯೇ.

ಕಡಿದ ರೇಷ್ಮೆ ಎಳೆಗಳನ್ನು ಬೆರಳಲ್ಲೇ ಹೊಸೆದು ಸೇರಿಸುವ ಹೆಣ್ಣುಮಗಳೊಬ್ಬಳು ನಮ್ಮಲ್ಲಿದ್ದಳು. ಕಣ್ಣಿಗೆ ಸಿಗದ ಎಳೆ ಅವಳ ಬೆರಳ ತುದಿಗೆ ಸಿಗುತ್ತಿತ್ತು. ಅವಳ ಸರದಿ ಬಂತು.

"ತಡೀರಿ ಯಜಮಾನ್ರೇ, ಕೈ ಇನ್ನೂ ತಣ್ಣಗೈತೆ."

"ಕರ್ಪೂರ ಆರೋಗುತ್ತೆ, ಬೇಗ ತಗೊಳಮ್ಮ. ನಿಂದೊಳ್ಳೆ ನಾಜೂಕು!"

ಎಲ್ಲರೂ ನಕ್ಕರು. ಅವಳೂ ನಕ್ಕು ಆರತಿಗೆ ಕೈಯೊಡ್ಡಿದಳು.

ಮರುಕ್ಷಣ ಚೀರಿದಳು. ಕೈ ಒದರಿದಳು, ಕುಣಿದಳು, ಜಡೆ ಬಿಚ್ಚಿಹೋಯಿತು. "ನೀರು! ನೀರು!" ನಮಗೆ ಉರಿಯೂ ಕಾಣಲಿಲ್ಲ, ಹೊಗೆಯೂ ಕಾಣಲಿಲ್ಲ. ಪೂಜೆಯ ಹೊತ್ತಲ್ಲಿ ಹೆಂಗಸೊಬ್ಬಳು ಹಾಗೆ ಕುಣಿದರೆ ನಾವು ಏನೆಂದುಕೊಳ್ಳುತ್ತೇವೆ?

"ಅಮ್ಮ ಬಂದವ್ಳೆ! ಯಾರೂ ಮುಟ್ಟಬ್ಯಾಡ್ರೋ!"

ಕೂಗಿದವನು ನಾನು. ಬಕೆಟ್ಟಿಗೆ ಕೈಹಾಕಿದ ಅವಳ ಗಂಡನ ರಟ್ಟೆ ಹಿಡಿದು ನಿಲ್ಲಿಸಿದವನೂ ನಾನು. ಯಾರೋ ಬೇವಿನ ಸೊಪ್ಪಿಗೆ ಓಡಿದರು. ಉಳಿದವರು ಹಿಂದೆ ಸರಿದು ಕೈಮುಗಿದರು.

ಚರ್ಮ ಸುಟ್ಟ ವಾಸನೆ ಬಂದ ಮೇಲೆ ರಟ್ಟೆ ಬಿಟ್ಟೆ.

ಬಾಟಲಿಯ ಮೇಲಿನ ಸಾಲು ಅಂದು ಸಂಜೆಯೇ ನೆನಪಾಗಿತ್ತು. ಬಾಟಲಿಯನ್ನು ಚರಂಡಿಗೆ ಎಸೆದೆ. ಕೇಳಿದವರಿಗೆ, "ಮೈಲಿಗೇಲಿ ಬಂದಿರ್ಬೇಕು, ಅಮ್ಮ ಮುನಿಸ್ಕೊಂಡ್ಳು" ಅಂದೆ. ಅವಳ ಗಾಯ ಮಾಯಿತು. ಬೆರಳ ತುದಿಗಳು ಗಡುಸಾದವು, ಎಳೆ ಸಿಗದಾಯಿತು. ಕೆಲಸ ಬಿಟ್ಟಳು.

ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಎದುರಾದಳು. ಘಾಟಿ ದೇವಸ್ಥಾನಕ್ಕೆ ಹೊರಟಿದ್ದಳು. ಅದೇ ಕೈಗಳನ್ನು ಜೋಡಿಸಿದಳು.

"ಎಲ್ಲಾ ದೇವ್ರಿಗೂ ತಪ್ಪುಕಾಣಿಕೆ ಹಾಕ್ತಾನೇ ಇದೀನಿ ಯಜಮಾನ್ರೇ. ನಾನೇನ್ ತಪ್ಪು ಮಾಡಿದ್ದೆ ಅಂತ್ಲೇ ಗೊತ್ತಾಗ್ಲಿಲ್ಲ."

"ಬಸ್ ಬಂತು ನೋಡಮ್ಮ," ಅಂದೆ.

ಈಗ ಯಾರಾದರೂ ಕರ್ಪೂರ ಹಚ್ಚಿದರೆ ಎದ್ದು ಹೊರಗೆ ಹೋಗುತ್ತೇನೆ. ಅವಳ ಗಂಡ ಇದನ್ನು ಓದಿ ಬಾಗಿಲಿಗೆ ಬಂದಾನೆಂಬ ಭಯ. ಓದದೇ ಹೋದಾನೆಂಬ ಭಯ ಇನ್ನೂ ದೊಡ್ಡದು. ಅವಳಿಗೆ ಓದು ಬರದು. ಯಾರಾದರೂ ಇಷ್ಟನ್ನು ಓದಿ ಹೇಳುತ್ತೀರಾ?

ಅಂದು ನಿನ್ನ ಮೈಮೇಲೆ ಯಾರೂ ಬಂದಿರಲಿಲ್ಲ, ಮುನಿಲಕ್ಷ್ಮಮ್ಮ.