ಶಿವಪ್ಪ ಕಾಕಾ ರೇಸು ಕೇಳಿದ್ದು

ಮೊನ್ನೆ ಚೆನ್ನೈ ಹೊರಗಿನ ಟ್ರ್ಯಾಕಿನಲ್ಲಿ ಕಾರುಗಳೆಲ್ಲ ಒಮ್ಮೆಲೇ ಮೊದಲ ತಿರುವಿಗೆ ನುಗ್ಗಿ ಬ್ರೇಕು ಹಾಕಿದಾಗ, ಕಾದ ರಬ್ಬರಿನ ವಾಸನೆ ನಾವು ಕುಳಿತಲ್ಲಿಗೂ ಬಂತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ತಿಳವಳ್ಳಿಯ ನಮ್ಮ ಅಕ್ಕಿ ಗಿರಣಿ ಕಣ್ಣ ಮುಂದೆ ಬಂತು. ಭತ್ತದ ಭಾರಕ್ಕೆ ಎಂಜಿನ್ನಿನ ಪಟ್ಟಾ ಜಾರಿ ಬಿಸಿಯಾದಾಗ ಇದೇ ವಾಸನೆ ಏಳುತ್ತಿತ್ತು. ಅದರ ಬೆನ್ನಿಗೇ ತೌಡಿನ ಸಿಹಿ ಘಮ, ಡೀಸೆಲ್ಲಿನ ಹೊಗೆ. ಗಿರಣಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಎಂಜಿನ್ ಶುರುವಾದರೆ ಅವ್ವನ ರೊಟ್ಟಿ ಹಂಚು ಒಲೆಯ ಮೇಲೆ ಸಣ್ಣಗೆ ನಡುಗುತ್ತಿತ್ತು. ಹನ್ನೊಂದು ಜನ ಊಟಕ್ಕೆ ಕುಳಿತರೆ ಉಪ್ಪು ಬೇಕೆಂದರೂ ಕೂಗಿಯೇ ಕೇಳಬೇಕು. ಅಂಥ ಗದ್ದಲದ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಅದು ನಿಂತ ಮೇಲೆ ಉಳಿಯುವ ಸದ್ದಿಲ್ಲದ ಜಾಗ ಎಷ್ಟು ದೊಡ್ಡದೆಂದು. ಈಗ ಅಲ್ಲಿ ಯಾರದೋ ಗೊಬ್ಬರದ ಗೋದಾಮು ಇದೆ.

ಆ ಎಂಜಿನ್ ನಡೆಸುತ್ತಿದ್ದವನು ಅಪ್ಪನ ತಮ್ಮ ಶಿವಪ್ಪ ಕಾಕಾ. ಹಾನಗಲ್ಲಿನಲ್ಲಿ ಮೆಟ್ರಿಕ್ ಮುಗಿಸಿ ಗಿರಣಿ ಸೇರಿದವನು ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಅವನಿಗಿದ್ದ ಹುಚ್ಚು ಒಂದೇ, ಕಾರು ರೇಸು. ಸ್ವತಃ ಟ್ರ್ಯಾಕ್ಟರ್ ಬಿಟ್ಟು ಬೇರೇನೂ ಓಡಿಸಿದವನಲ್ಲ. ಆದರೆ ಮುಂಬಯಿಯಿಂದ ಟಪಾಲಿನಲ್ಲಿ ಒಂದು ಇಂಗ್ಲಿಷ್ ಕಾರು ಪತ್ರಿಕೆ ತರಿಸಿಕೊಂಡು, ನಿಘಂಟು ಪಕ್ಕಕ್ಕಿಟ್ಟುಕೊಂಡು ಅಕ್ಷರ ಬಿಡದೆ ಓದುತ್ತಿದ್ದ. ಯಾರು ಗೆದ್ದರು, ಯಾರ ಎಂಜಿನ್ ಎಷ್ಟನೆಯ ಸುತ್ತಿನಲ್ಲಿ ಕೈಕೊಟ್ಟಿತು ಎಂಬುದನ್ನು ಸುಣ್ಣದ ಕಡ್ಡಿಯಿಂದ ಗಿರಣಿಯ ಗೋಡೆಯ ಮೇಲೆ ಬರೆಯುತ್ತಿದ್ದ. ಭತ್ತ ತಂದು ಪಾಳಿಗಾಗಿ ಕಾಯುತ್ತ ಕುಳಿತ ರೈತರು ಅದನ್ನು ಓದಿ, "ಶಿವಪ್ಪಾರ, ಈ ಸಲ ನಿಮ್ಮಾಂವ ಮೂರನೇದಕ್ಕ ಬಂದಾನಲ್ರಿ?" ಎಂದು ಅವನ ಮೆಚ್ಚಿನ ಚಾಲಕನ ಬಗ್ಗೆ ನಿಜವಾದ ಕಳಕಳಿಯಿಂದ ವಿಚಾರಿಸುತ್ತಿದ್ದರು.

ಇಪ್ಪತ್ತು ವರ್ಷ ಆ ಎಂಜಿನ್ನಿನ ಪಕ್ಕದಲ್ಲಿ ನಿಂತು ಕಾಕಾನ ಕಿವಿ ಮಂದವಾಗುತ್ತ ಬಂದಿತ್ತು. ನನಗೆ ಹನ್ನೆರಡು ವರ್ಷವಿದ್ದಾಗ ಅಪ್ಪ ಅವನನ್ನು ಹುಬ್ಬಳ್ಳಿಯ ಡಾಕ್ಟರ ಹತ್ತಿರ ಕರೆದೊಯ್ದ. ದೊಡ್ಡ ಸದ್ದಿನಿಂದ ದೂರವಿರದಿದ್ದರೆ ಉಳಿದದ್ದೂ ಬೇಗ ಹೋಗುತ್ತದೆ ಎಂದು ಅವರು ಹೇಳಿ ಕಳಿಸಿದರು. ಮನೆಗೆ ಬಂದ ಕಾಕಾ ಕೈಕಾಲು ತೊಳೆದವನೇ ಅಜ್ಜನ ಮುಂದೆ ನಿಂತ.

"ಅಪ್ಪಾ, ಮದರಾಸಿನ್ಯಾಗ ರೇಸ್ ಐತಿ. ಹೋಗಿ ಬರ್ತೇನಿ."

"ಸುಗ್ಗಿ ದಿನ. ಅಂಗಳದ ತುಂಬ ಮಂದೀ ಚೀಲ ಬಿದ್ದಾವ," ಎಂದು ಅಜ್ಜ ಕೂಗಿದ. "ಮುಂದಿನ ವರ್ಷ ನೋಡಿದ್ರಾತು."

"ನೋಡಾಕಲ್ಲಪಾ, ಕೇಳಾಕ. ಮುಂದಿನ ವರ್ಷ ಕಿವಿ ಇರಂಗಿಲ್ಲ."

ಅಜ್ಜನೆದುರು ಎಂದೂ ಬಾಯಿ ತೆರೆಯದ ನನ್ನ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹೋಗಿ ಬರ್ಲಿ ಬಿಡ್ರಿ ಮಾವಾರ. ನಾಕ ದಿನ ಎಂಜಿನ್ ನಿಮ್ಮ ದೊಡ್ಡ ಮಗ ನೋಡ್ಕೋತಾರ. ಕಂಡಕ್ಟರ್ ಅಂದದ್ದು ಶಿವಪ್ಪಗ ಕೇಳಂಗಿಲ್ಲ, ಗಿರಿಜಾನ್ನ ಜೋಡಿ ಕಳಸೋಣು," ಎಂದು ನನ್ನ ಕಡೆ ಕೈ ತೋರಿಸಿದಳು. ಹೊರಡುವ ಮುಂಜಾನೆ ಅವ್ವ ನನ್ನ ಕೈಯಲ್ಲಿ ಹತ್ತಿಯ ಪೊಟ್ಟಣವಿಟ್ಟಳು. "ಗಾಡಿ ಬಿಡೂ ಮೊದ್ಲ ಇದನ್ನ ಕಾಕಾನ ಕಿವ್ಯಾಗ ತುರುಕು. ತಗ್ಯಾಕ ಕೊಡಬ್ಯಾಡ. ನಿನ್ನ ಮ್ಯಾಲ ಬಿಟ್ಟೇನಿ."

ಮದ್ರಾಸಿನಾಚೆ ಯಾವುದೋ ಕಾಲದ ವಿಮಾನಪಟ್ಟಿಯ ಮೇಲೆ ಆಗ ರೇಸು ನಡೆಯುತ್ತಿತ್ತು. ಬಿಸಿಲು, ಕೆಂಧೂಳಿ, ಅಂಚಿಗೆ ಒಟ್ಟಿದ ಹುಲ್ಲಿನ ಪೆಂಡಿಗಳು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ, ಬೀಗರ ಮನೆಗೆ ಬಂದವನಂತೆ. ನಾನು ಅವನ ಎರಡೂ ಕಿವಿಗೆ ಹತ್ತಿ ತುಂಬಿದೆ. ಶುರುವಿನ ಬಾವುಟ ಬಿತ್ತು. ಮೊದಲ ಗುಂಪು ನಮ್ಮೆದುರು ಹಾದಾಗ ನನ್ನ ಎದೆಗೂಡೇ ಅದುರಿತು. ಕಾಕಾ ಒಂದು ಕ್ಷಣ ಕಲ್ಲಿನಂತೆ ನಿಂತು, ಆಮೇಲೆ ಒಂದು ಕಿವಿಯ ಹತ್ತಿ ತೆಗೆದ. ಇನ್ನೊಂದನ್ನೂ ತೆಗೆದ. ನಾನು ಅವನ ಕೈ ಹಿಡಿದು ಎಳೆದೆ: "ಬ್ಯಾಡ ಕಾಕಾ! ಅವ್ವ ಬೈತಾಳ!"

ಅವನ ಕಣ್ಣಲ್ಲಿ ನೀರಿತ್ತು. "ಎಲ್ಲಾ ಕೇಳಾಕತ್ತೇತಿ ಗಿರಿಜಾ. ಒಂದೊಂದೂ ಬ್ಯಾರೆ ಬ್ಯಾರೆ ಕೇಳಾಕತ್ತೇತಿ. ಆ ಕೆಂಪು ಕಾರಿನ ಎಂಜಿನ್ ಮಿಸ್ ಹೊಡ್ಯಾಕತ್ತೇತಿ ನೋಡು, ನಡುನಡುವ ಬಡಿತ ತಪ್ಪಾಕತ್ತೇತಿ. ಇನ್ನೆರಡು ಸುತ್ತಿಗೆ ನಿಲ್ತೈತಿ."

ಎರಡನೆಯ ಸುತ್ತಿಗೆ ಕೆಂಪು ಕಾರು ಹೊಗೆಯುಗುಳುತ್ತ ಅಂಚಿಗೆ ಸರಿದು ನಿಂತಿತು. ಕಾಕಾ ಚಪ್ಪಾಳೆ ತಟ್ಟಿ ನಕ್ಕ. ಅವನು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹತ್ತಿ ನನ್ನ ಮುಷ್ಟಿಯಲ್ಲೇ ಇತ್ತು. ಹಟ ಹಿಡಿದು ಅತ್ತಿದ್ದರೆ ಅವನು ಹಾಕಿಸಿಕೊಳ್ಳುತ್ತಿದ್ದ, ನನ್ನ ಅಳುವನ್ನು ಅವನು ಎಂದೂ ಸಹಿಸಿದವನಲ್ಲ. ನಾನು ಅಳಲಿಲ್ಲ. ರೇಸು ನಡೆದ ಎರಡು ದಿನವೂ ಹತ್ತಿಯಿಲ್ಲದೆ ಅವನು ಬೇಲಿಗೆ ಒರಗಿ ನಿಂತ.

ಮರಳುವಾಗ ರೈಲಿನಲ್ಲಿ ನಾನು ಮೂರು ಸಲ ಕರೆದರೂ ಅವನು ತಿರುಗಲಿಲ್ಲ. ಹಾವೇರಿ ಮುಟ್ಟುವಷ್ಟರಲ್ಲಿ ನನ್ನ ತುಟಿ ನೋಡುತ್ತ ಮಾತು ಹಿಡಿಯಲು ಶುರು ಮಾಡಿದ್ದ. ಮನೆಯಲ್ಲಿ ಅವ್ವ ಹತ್ತಿಯ ಬಗ್ಗೆ ಕೇಳಿದಳು. "ಹಾಕಿದ್ದೆ, ತಗೀಲೇ ಇಲ್ಲ," ಎಂದೆ. ಕಾಕಾ ಎದುರಿಗೇ ನಿಂತು ನನ್ನ ತುಟಿ ನೋಡಿ, ಹೌದೆಂಬಂತೆ ತಲೆಯಾಡಿಸಿದ. ಮುಂದಿನ ಸುಗ್ಗಿಗೆ ಅವನಿಗೆ ಏನೂ ಕೇಳುತ್ತಿರಲಿಲ್ಲ. ಹೇಗೂ ಹೋಗುವ ಕಿವಿಯೇ ಆಗಿತ್ತು ಎಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದ. ಇರಬಹುದು. ನನಗೆ ಆ ಮಾತು ಇಂದಿಗೂ ಸಮಾಧಾನ ಕೊಟ್ಟಿಲ್ಲ. ಕೆಲವು ವರ್ಷ ಅವನು ಅಂಗೈಯನ್ನು ಎಂಜಿನ್ನಿನ ಮೇಲಿಟ್ಟು ಗಿರಣಿ ನಡೆಸಿದ. ಆಮೇಲೆ ಅಜ್ಜ ತೀರಿಕೊಂಡ, ಮಕ್ಕಳ ನಡುವೆ ಆಸ್ತಿ ಹಿಸೆಯಾಯಿತು, ಗಿರಣಿ ನಿಂತಿತು, ಕಾಕಾ ಹಂಸಭಾವಿಯಲ್ಲಿದ್ದ ನಮ್ಮ ಸೋದರತ್ತೆಯ ಮನೆ ಸೇರಿದ.

ಧಾರವಾಡದಲ್ಲಿ ಓದು ಮುಗಿಸಿ, ಮದುವೆ ಗೊತ್ತಾದ ಮೇಲೆ ಅವನನ್ನು ನೋಡಲು ಹೋದೆ. ಹೇಳಲಾರದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ: ಅವತ್ತು ನಾನು ನಿನ್ನನ್ನು ತಡೆಯಬೇಕಿತ್ತು. ಕಾಕಾ ಓದಿ, ನಾಲ್ಕಾಗಿ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಆಮೇಲೆ ಅಳತೆ ತಪ್ಪಿದ ದೊಡ್ಡ ದನಿಯಲ್ಲಿ ಕೇಳಿದ: "ನಿನ್ನ ದನಿ ಈಗ ಹೆಂಗ ಆಗೇತಿ? ನಿಮ್ಮವ್ವನಂಗ ಆಗೇತೇನು? ನೀ ಬಾಯಿ ತಗದ್ರ ನನ್ನ ತಲ್ಯಾಗ ಇನ್ನೂ ಆ ಸಣ್ಣ ಹುಡುಗೀ ದನೀನ ಬರ್ತೈತಿ."

"ಆಗಿನಂಗಽ ಐತಿ ಕಾಕಾ," ಎಂದೆ. ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ, ನೆಮ್ಮದಿಯಿಂದ ನಕ್ಕ. ಆ ಮಳೆಗಾಲದಲ್ಲೇ ತೀರಿಕೊಂಡ. ಅಪ್ಪ, ಅವ್ವ, ಅತ್ತೆ ಎಲ್ಲರೂ ಹೋಗಿ ವರ್ಷಗಳಾದವು. ಹನ್ನೆರಡರ ವಯಸ್ಸಿನಲ್ಲಿ ನನ್ನ ದನಿ ಹೇಗಿತ್ತೆಂದು ಬಲ್ಲವರು ಈಗ ಯಾರೂ ಇಲ್ಲ.